ಸಾಕಿದ ನಾಯಿ ಪರರನ್ನು ಕಚ್ಚಿದಾಗ ಒಡೆಯನ ಹೊಣೆ
(ರೈತರ ತರಬೇತಿ ಶಿಬಿರದಲ್ಲಿ ಪಶುವೈದ್ಯರೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಈ ಶಿಬಿರದಲ್ಲಿ ಹಸುಗಳ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಕುರಿಗಳ ಜಂತುಹುಳು ಇವುಗಳ ಬಗ್ಗೆ ತಾವು ಈಗಾಗಲೇ ಕೇಳಿದ್ದೀರಿ. ನಾನು ಇಂದು ಮಾತನಾಡಬೇಕೆಂದಿರುವುದು ಹಾಲನ್ನೂ ಕೊಡದ, ಉಳುಮೆಯನ್ನೂ ಮಾಡದ, ಆದರೂ ತೋಟದ ಮನೆಗಳಲ್ಲಿ ಹೆಚ್ಚು ಕಡಿಮೆ ಎಲ್ಲೆಡೆ ಇರುವ ಒಂದು ಪ್ರಾಣಿಯನ್ನು ಕುರಿತು. ನಾಯಿ ನಮಗೆ ಬೇಕು. ರಾತ್ರಿ ತೋಟಕ್ಕೆ ಹಂದಿ ನುಗ್ಗದಂತೆ, ಕುರಿ ರೊಪ್ಪಕ್ಕೆ ತೋಳ ಬೀಳದಂತೆ, ಕಣದಲ್ಲಿ ಹಾಕಿದ ರಾಶಿಗೆ ಕಳ್ಳ ಕೈ ಹಾಕದಂತೆ ಕಾಯುವುದು ಅದೇ. ಆದರೆ ಅದೇ ನಾಯಿ ನಮ್ಮ ಮನೆಯವರಲ್ಲದ ಒಬ್ಬರ ಕಾಲಿಗೆ ಬಾಯಿ ಹಾಕಿದ ಗಳಿಗೆಯಲ್ಲಿ ನಾವು ಏನು ಮಾಡಬೇಕು, ಕಾನೂನು ನಮ್ಮಿಂದ ಏನನ್ನು ಕೇಳುತ್ತದೆ ಎಂಬುದನ್ನು ನಮ್ಮಲ್ಲಿ ಬಹು ಮಂದಿ ಯೋಚಿಸಿರುವುದಿಲ್ಲ.

ಕಚ್ಚಿಸಿಕೊಳ್ಳುವವರು ಯಾರು ಎಂಬುದನ್ನು ಮೊದಲು ನೋಡೋಣ. ಕಳ್ಳನನ್ನು ನಾಯಿ ಕಚ್ಚುವುದು ಅಪರೂಪ. ಕಳ್ಳನಾದವನು ನಾಯಿ ಇರುವ ಮನೆಯ ದಾರಿಯನ್ನೇ ಬಿಟ್ಟು ನಡೆಯುತ್ತಾನೆ. ಕಚ್ಚಿಸಿಕೊಳ್ಳುವವರು ಕೆಲಸದ ಮೇಲೆ ಬರುವವರು. ವಿದ್ಯುತ್ ಮೀಟರ್ ಓದಲು ಬರುವವರು, ಅಂಚೆಯವರು, ಮನೆ ಮನೆಗೆ ತಿರುಗುವ ಆಶಾ ಕಾರ್ಯಕರ್ತೆ, ಅಡಿಕೆ ಕಾಯಿ ನೋಡಿ ಬೆಲೆ ಹೇಳಲು ಬರುವ ವ್ಯಾಪಾರಿ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಸೈಕಲ್ ಮೇಲೆ ಹಿಂದಿರುಗುವ ಪಕ್ಕದ ಹೊಲದ ಹುಡುಗ, ಕಳೆ ಕೀಳಲು ಹೊಸದಾಗಿ ಬಂದ ಕೂಲಿ ಹೆಣ್ಣುಮಗಳು. ಇವರಲ್ಲಿ ಕೊನೆಯ ಇಬ್ಬರ ಕಡೆ ನಿಮ್ಮ ಗಮನವನ್ನು ವಿಶೇಷವಾಗಿ ಸೆಳೆಯಬಯಸುತ್ತೇನೆ. ಹುಡುಗ ಮನೆಯಲ್ಲಿ ಬೈದಾರೆಂಬ ಹೆದರಿಕೆಗೆ ಕಚ್ಚಿದ ವಿಷಯವನ್ನೇ ಹೇಳುವುದಿಲ್ಲ. ಕೂಲಿಯ ಹೆಣ್ಣುಮಗಳು ನಾಳೆ ಕೆಲಸಕ್ಕೆ ಕರೆಯಲಿಕ್ಕಿಲ್ಲವೆಂಬ ಅಂಜಿಕೆಗೆ ಸುಮ್ಮನಿರುತ್ತಾಳೆ. ಆದ್ದರಿಂದ ಈ ವಿಷಯದಲ್ಲಿ ಬಾಯಿ ಬಿಡಬೇಕಾದವನು ನಾಯಿಯ ಒಡೆಯನೇ.

ಇನ್ನು ಇದು ಏಕೆ ಇಷ್ಟು ದೊಡ್ಡ ವಿಷಯವೆಂದರೆ, ಗಾಯದಿಂದಲ್ಲ, ರೇಬೀಸ್ ಅಥವಾ ಹುಚ್ಚುನಾಯಿ ರೋಗದಿಂದ. ಈ ರೋಗದ ವಿಷಾಣು ನಾಯಿಯ ಜೊಲ್ಲಿನಲ್ಲಿರುತ್ತದೆ. ಹಲ್ಲು ತಾಗಿದ ಜಾಗದಿಂದ ಅದು ನರಗಳ ಜಾಡು ಹಿಡಿದು ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಮುಖಕ್ಕೆ, ಕುತ್ತಿಗೆಗೆ, ಕೈಬೆರಳಿಗೆ ಕಚ್ಚಿದ್ದರೆ ಇನ್ನೂ ಬೇಗ ಆಗಬಹುದು, ಅಪರೂಪಕ್ಕೆ ವರ್ಷ ದಾಟಿದ ನಂತರವೂ ಆಗಬಹುದು. ನೀರು ಕಂಡರೆ ಗಂಟಲು ಬಿಗಿಯುವ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಯಾವ ದೊಡ್ಡ ಆಸ್ಪತ್ರೆಯಲ್ಲೂ ಅದಕ್ಕೆ ಮದ್ದಿಲ್ಲ. ಮನುಷ್ಯ ಸಾಯುತ್ತಾನೆ, ಅದೂ ಎಚ್ಚರವಿದ್ದುಕೊಂಡೇ ನರಳಿ ಸಾಯುತ್ತಾನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2022-23ರಲ್ಲಿ ನಡೆಸಿದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಮಂದಿಯನ್ನು ಪ್ರಾಣಿಗಳು ಕಚ್ಚುತ್ತವೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ನಾಯಿಗಳದು. ರೇಬೀಸಿನಿಂದ ಸಾಯುವವರು ವರ್ಷಕ್ಕೆ ಸುಮಾರು 5,700 ಎಂದು ಅಂದಾಜು ಮಾಡಿದ್ದಾರೆ. ಈ ಸಾವುಗಳ ವಿಶೇಷವೇನೆಂದರೆ, ಹೊತ್ತಿಗೆ ಸರಿಯಾಗಿ ಗಾಯ ತೊಳೆದು, ಸೂಜಿ ಹಾಕಿಸಿದ್ದರೆ ಹೆಚ್ಚು ಕಡಿಮೆ ಇವೆಲ್ಲವೂ ತಪ್ಪುತ್ತಿದ್ದವು. ತಪ್ಪಿಸಬಹುದಾದ ಸಾವಿಗೆ ನಮ್ಮ ಅಂಗಳದ ನಾಯಿ ಕಾರಣವಾಗಿ, ನಾವು ಬಾಯಿ ಮುಚ್ಚಿಕೊಂಡಿದ್ದು ಅದಕ್ಕೆ ಸಹಾಯವಾದರೆ, ಅದನ್ನು ಯಾವ ಲೆಕ್ಕಕ್ಕೆ ಹಚ್ಚುವುದು?

ಈಗ ಕಚ್ಚಿದ ಗಳಿಗೆಗೆ ಬರೋಣ. ಮೊದಲು ನಾಯಿಯನ್ನು ಹಿಡಿದು ಕಟ್ಟಿಹಾಕಿ. ಹೊಡೆಯುತ್ತಾ ನಿಲ್ಲಬೇಡಿ, ಅದಕ್ಕೆ ಈಗ ಸಮಯವಿಲ್ಲ. ಮನೆಯ ಇನ್ನೊಬ್ಬರು ಆ ವ್ಯಕ್ತಿಯನ್ನು ನೀರಿನ ಬಳಿಗೆ ಕರೆದೊಯ್ಯಬೇಕು. ಕೊಳವೆ ಬಾವಿಯ ಪೈಪಿರಲಿ, ನಲ್ಲಿಯಿರಲಿ, ಏನೂ ಇಲ್ಲದಿದ್ದರೆ ಬಕೆಟ್ಟಿನಿಂದ ಚೆಂಬಿನಲ್ಲಿ ಮೊಗೆದು ಒಬ್ಬರು ಹುಯ್ಯುತ್ತಿರಲಿ. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಮೈಗೆ ಹಚ್ಚುವ ಸೋಪು, ಬಟ್ಟೆ ಸೋಪು ಯಾವುದಾದರೂ ಆದೀತು. 15 ನಿಮಿಷವೆಂದರೆ ಗಡಿಯಾರ ನೋಡಿ 15 ನಿಮಿಷ. ಎರಡು ಚೆಂಬು ನೀರು ಹುಯ್ದು ಒರೆಸುವುದಕ್ಕೆ ತೊಳೆಯುವುದೆಂದು ಹೆಸರಲ್ಲ. ರೇಬೀಸ್ ವಿಷಾಣುವಿನ ಹೊರಮೈ ಕೊಬ್ಬಿನ ಅಂಶದಿಂದಾದುದು, ಸೋಪು ಅದನ್ನು ಕರಗಿಸಿಬಿಡುತ್ತದೆ. ಹತ್ತು ರೂಪಾಯಿಯ ಸೋಪು ಮಾಡುವ ಈ ಕೆಲಸವನ್ನು ಎರಡು ದಿನ ತಡೆದು ಮಾಡಿದರೆ ಆ ಫಲವಿಲ್ಲ. ತೊಳೆಯುವವರ ಕೈಯಲ್ಲಿ ಗಾಯ, ಬಿರುಕು ಇದ್ದರೆ ಒಂದು ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಲಿ. ತೊಳೆದ ಮೇಲೆ ಅಯೋಡಿನ್ ಇದ್ದರೆ ಹಚ್ಚಬಹುದು.

ಹಚ್ಚಬಾರದವುಗಳ ಪಟ್ಟಿ ಇದಕ್ಕಿಂತ ಉದ್ದವಾಗಿದೆ. ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಸೀಮೆಎಣ್ಣೆ, ಎಲೆಯ ರಸ, ಕಾಯಿಸಿದ ಕಬ್ಬಿಣದ ಬರೆ ಇವು ಯಾವುವೂ ಕೂಡದು. ಇವು ಗಾಯವನ್ನು ಕೆದಕಿ ವಿಷಾಣುವನ್ನು ಇನ್ನೂ ಆಳಕ್ಕೆ ತಳ್ಳುತ್ತವೆ. ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ. ಹೊಲಿಗೆ ಹಾಕಬೇಕೋ ಬೇಡವೋ ಎಂಬುದನ್ನು ವೈದ್ಯರಿಗೆ ಬಿಡಿ. ನಾಯಿ ಕಚ್ಚಿದ ಗಾಯಕ್ಕೆ ಅವರು ಸಾಮಾನ್ಯವಾಗಿ ಕೂಡಲೇ ಹೊಲಿಗೆ ಹಾಕುವುದಿಲ್ಲ, ಅದಕ್ಕೆ ಕಾರಣವಿದೆ.

ನಾಟಿ ಮದ್ದಿನ ವಿಷಯ ಇಲ್ಲಿ ಬಂದೇ ಬರುತ್ತದೆ. ನಮ್ಮೂರಿನಲ್ಲಿ ಇಂತಹವರು ಎಲೆ ಅರೆದು ಕೊಡುತ್ತಾರೆ, ನೂರು ಮಂದಿಗೆ ಗುಣವಾಗಿದೆ ಎನ್ನುತ್ತೀರಿ. ಆ ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ಲೆಕ್ಕ ಹಾಕಿ ನೋಡಿ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬೀಸ್ ಇರುವುದೇ ಇಲ್ಲ. ರೇಬೀಸ್ ಇರುವ ನಾಯಿ ಕಚ್ಚಿದರೂ ಎಲ್ಲರಿಗೂ ರೋಗ ಬರುವುದಿಲ್ಲ. ಆ ನೂರು ಮಂದಿ ಬರಿಯ ನೀರು ಕುಡಿದಿದ್ದರೂ ಅವರಲ್ಲಿ ಬಹುಪಾಲು ಬದುಕಿರುತ್ತಿದ್ದರು. ನೂರೊಂದನೆಯವನಿಗೆ ರೋಗ ಬಂದಾಗ ಪಥ್ಯ ತಪ್ಪಿತೆಂದು ಹೇಳಿ ಮುಗಿಸುತ್ತಾರೆ. ಮದ್ದು ಕೊಡುವವರಿಗೆ ತಮ್ಮ ಮದ್ದಿನ ಮೇಲೆ ನಿಜವಾಗಿಯೂ ನಂಬಿಕೆಯಿರಬಹುದು, ಅವರು ಮೋಸಗಾರರೆಂದು ನಾನು ಭಾವಿಸಿಲ್ಲ. ಅವರಲ್ಲಿ ನನ್ನ ಬೇಡಿಕೆ ಇಷ್ಟೆ: ಬಂದವರನ್ನು ಮೊದಲು ಆಸ್ಪತ್ರೆಗೆ ಕಳುಹಿಸಲಿ.

ಆಸ್ಪತ್ರೆಯ ಹೆದರಿಕೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಹೊಕ್ಕುಳ ಸುತ್ತ 14 ಸೂಜಿ ಹಾಕುತ್ತಿದ್ದುದನ್ನು ಅವರು ಕಂಡವರು. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. 2004ರ ಕೊನೆಯ ಹೊತ್ತಿಗೆ ಅದನ್ನು ನಮ್ಮ ದೇಶದಲ್ಲಿ ನಿಲ್ಲಿಸಿದರು. ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ. ಮಾಂಸಖಂಡಕ್ಕೆ ಹಾಕುವ ಕ್ರಮವಾದರೆ ಮೊದಲ ದಿನ, ಅಲ್ಲಿಂದ 3ನೆಯ, 7ನೆಯ, 14ನೆಯ ಮತ್ತು 28ನೆಯ ದಿನ, ಒಟ್ಟು ಐದು ಸಲ. ಚರ್ಮದ ಪದರದೊಳಕ್ಕೆ ಹಾಕುವ ಕ್ರಮವಾದರೆ ಮೊದಲ ದಿನ, 3, 7 ಮತ್ತು 28ನೆಯ ದಿನ, ಪ್ರತಿ ಸಲವೂ ಎರಡು ತೋಳಿಗೆ ಒಂದೊಂದು ಚುಕ್ಕೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಹಾಕುತ್ತಾರೆ. ಬಸುರಿಯರಿಗೂ, ಹಾಲೂಡಿಸುವ ತಾಯಂದಿರಿಗೂ, ಕೈಗೂಸಿಗೂ ಹಾಕಬಹುದು, ಹಾಕಲೇಬೇಕು. ಧನುರ್ವಾಯುವಿನ ಸೂಜಿಯೂ ಬೇಕಾಗಬಹುದು.

ಎಲ್ಲ ಕಡಿತವೂ ಒಂದೇ ತೆರನಾದುದಲ್ಲ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ತೊಳೆದುಕೊಂಡರೆ ಸಾಕು. ರಕ್ತ ಬಾರದಂತೆ ಹಲ್ಲು ಅಥವಾ ಉಗುರು ತರಚಿದ್ದರೆ ಲಸಿಕೆ ಬೇಕು. ಹಲ್ಲು ಇಳಿದು ರಕ್ತ ಬಂದಿದ್ದರೆ, ಅಥವಾ ಹಸಿ ಗಾಯ, ಕಣ್ಣು, ಬಾಯಿಗೆ ಜೊಲ್ಲು ತಾಗಿದ್ದರೆ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಇನ್ನೊಂದು ಔಷಧವನ್ನು ಚುಚ್ಚಬೇಕು. ಅದಕ್ಕೆ ಇಮ್ಯುನೋಗ್ಲಾಬುಲಿನ್ ಎನ್ನುತ್ತಾರೆ. ಲಸಿಕೆ ಹಾಕಿದ ಮೇಲೆ ದೇಹ ತನ್ನ ರಕ್ಷಣೆಯನ್ನು ತಾನೇ ಕಟ್ಟಿಕೊಳ್ಳಲು ವಾರವೋ ಹೆಚ್ಚೋ ಬೇಕು. ಅಲ್ಲಿಯವರೆಗೆ ಗಾಯದ ಬಾಗಿಲಲ್ಲೇ ವಿಷಾಣುವನ್ನು ತಡೆಯುವ ಕಾವಲುಗಾರ ಇದು. ಮೊದಲ ಲಸಿಕೆಯಾಗಿ ಏಳು ದಿನ ಕಳೆದ ಮೇಲೆ ಇದನ್ನು ಕೊಡುವುದಿಲ್ಲ. ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಇದು ಸಿಗದೆ ಇರಬಹುದು. ಆಗ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ರಕ್ತ ಬಂದಿದ್ದರೆ ಇದನ್ನು ನೀವಾಗಿಯೇ ಕೇಳಿ.

ಇಲ್ಲಿ ಒಡೆಯನ ಹೊಣೆಯ ಒಂದು ಮುಖ್ಯ ಭಾಗ ಬರುತ್ತದೆ. ಲಸಿಕೆ ಉಚಿತವಾದರೂ ಆಸ್ಪತ್ರೆಗೆ ಹೋಗಿ ಬರುವುದು ಉಚಿತವಲ್ಲ. ಕೂಲಿ ಮಾಡುವವರಿಗೆ ನಾಲ್ಕು ಸಲ ಹೋಗುವುದೆಂದರೆ ನಾಲ್ಕು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಮೊದಲ ಸೂಜಿಗೆ ಎಲ್ಲರೂ ಹೋಗುತ್ತಾರೆ, ಎರಡನೆಯದಕ್ಕೂ ಹೋಗಬಹುದು. ಗಾಯ ಒಣಗಿದ ಮೇಲೆ, ನಾಟಿಯೋ ಕೊಯ್ಲೋ ಭರದಿಂದ ನಡೆಯುವಾಗ, 28ನೆಯ ದಿನದ ಸೂಜಿಗೆ ಯಾರು ನೆನಪಿಟ್ಟು ಹೋಗುತ್ತಾರೆ? ಆದ್ದರಿಂದ ನಾಯಿಯ ಒಡೆಯನು ಆಸ್ಪತ್ರೆಯ ಚೀಟಿಯಲ್ಲಿರುವ ದಿನಾಂಕಗಳನ್ನು ತನ್ನ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಆ ದಿನ ತಾನೇ ಗಾಡಿಯಲ್ಲಿ ಕರೆದುಕೊಂಡು ಹೋಗಬೇಕು, ಇಲ್ಲವೇ ಹೋಗಿ ಬರುವ ಖರ್ಚನ್ನೂ ಆ ದಿನದ ಕೂಲಿಯನ್ನೂ ಕೊಡಬೇಕು. ಕೈಗೆ ಇನ್ನೂರು ರೂಪಾಯಿ ಹಾಕಿ, “ನಮ್ಮ ನಾಯಿಗೆ ಏನೂ ಇಲ್ಲಮ್ಮ, ನೀನು ಹೆದರಬೇಡ” ಎಂದು ಕಳುಹಿಸಿಬಿಡುವುದು ನಮ್ಮಲ್ಲಿ ರೂಢಿ. ಆಕೆಯೂ “ಆಗಲಿ ಅಣ್ಣಾ” ಎಂದು ಹೋಗುತ್ತಾಳೆ. ಇದನ್ನು ನಾನು ದಯೆಯೆಂದು ಒಪ್ಪುವುದಿಲ್ಲ. ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು ಇಷ್ಟು ಹಣ ಕೊಡು ಎಂದು ರಾಜಿ ಮಾಡಿಸುವುದೂ ಉಂಟು. ರಾಜಿ ಆಗಲಿ, ಬೇಡವೆನ್ನುವುದಿಲ್ಲ. ಆದರೆ ಲಸಿಕೆಯ ಚೀಟಿ ನೋಡದೆ ರಾಜಿಯ ಮಾತನ್ನು ಎತ್ತಬಾರದು.

ಇನ್ನು ನಾಯಿಯ ಕಡೆಗೆ. ಕಚ್ಚಿದ ನಾಯಿಯನ್ನು ಸಿಟ್ಟಿನಲ್ಲಿ ಹೊಡೆದು ಕೊಲ್ಲುವುದು, ಗೋಣಿಚೀಲದಲ್ಲಿ ಹಾಕಿ ದೂರದ ಸಂತೆಯ ಮೈದಾನದಲ್ಲಿ ಬಿಟ್ಟು ಬರುವುದು, ಯಾರಿಗೋ ಕೊಟ್ಟುಬಿಡುವುದು ಈ ಮೂರೂ ಕಚ್ಚಿಸಿಕೊಂಡವನಿಗೆ ಮಾಡುವ ಎರಡನೆಯ ಅನ್ಯಾಯ. ಏಕೆಂದರೆ ಆ ನಾಯಿಯೇ ಸಾಕ್ಷಿ. ರೇಬೀಸ್ ಇರುವ ನಾಯಿಯ ಜೊಲ್ಲಿನಲ್ಲಿ ವಿಷಾಣು ಬರುವುದು ಲಕ್ಷಣ ಕಾಣಿಸುವುದಕ್ಕೆ ಕೆಲವೇ ದಿನ ಮೊದಲಿನಿಂದ. ಲಕ್ಷಣ ಕಂಡ ಮೇಲೆ ಅದು ಹತ್ತು ದಿನದೊಳಗೆ ಸಾಯುತ್ತದೆ. ಆದ್ದರಿಂದ ಕಚ್ಚಿದ ದಿನದಿಂದ 10 ದಿನ ನಾಯಿಯನ್ನು ಕಟ್ಟಿ, ನೀರು ಅನ್ನ ಕೊಟ್ಟು, ದೂರದಿಂದ ನೋಡುತ್ತಿರಬೇಕು. ಹತ್ತು ದಿನ ಕಳೆದು ಅದು ಎಂದಿನಂತೆ ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲ ಎಂದು ತಿಳಿಯಬಹುದು. ಮುಂದಿನ ಸೂಜಿಗಳನ್ನು ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಎರಡು ಮಾತನ್ನು ಮರೆಯಬೇಡಿ. ಈ ಹತ್ತು ದಿನದ ಲೆಕ್ಕ ನಾಯಿ ಮತ್ತು ಬೆಕ್ಕಿಗೆ ಮಾತ್ರ. ನರಿ, ಮುಂಗುಸಿ, ಕೋತಿಗಳಿಗೆ ಇದು ಸಲ್ಲದು. ಮತ್ತು ಹತ್ತು ದಿನ ನೋಡಿ ಆಮೇಲೆ ಸೂಜಿ ಹಾಕಿಸೋಣ ಎನ್ನಕೂಡದು. ಸೂಜಿ ಅಂದೇ, ಕಾಯುವುದು ಅದರ ಜೊತೆಗೆ.

ಈ ದಿನಗಳಲ್ಲಿ ಏನನ್ನು ನೋಡಬೇಕು? ಹುಚ್ಚುನಾಯಿ ಎಂದರೆ ಬಾಯಿ ತೆರೆದು ಓಡುತ್ತಾ ಕಂಡದ್ದನ್ನೆಲ್ಲ ಕಚ್ಚುವುದು ಎಂದು ನಾವು ತಿಳಿದಿದ್ದೇವೆ. ಅದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ನಾಯಿ ಮಂಕಾಗಿ ಕಣಜದ ಮರೆಯಲ್ಲೋ ಗಾಡಿಯ ಕೆಳಗೋ ಹೋಗಿ ಮಲಗುತ್ತದೆ. ಕರೆದರೆ ಬರುವುದಿಲ್ಲ. ದನಿ ಬದಲಾಗುತ್ತದೆ. ಕೆಳದವಡೆ ಜೋಲುತ್ತದೆ, ಜೊಲ್ಲು ಸುರಿಯುತ್ತದೆ, ನೀರು ನುಂಗಲಾರದು. ಕಲ್ಲು, ಕಡ್ಡಿ, ಮಣ್ಣು ತಿನ್ನುವುದೂ ಉಂಟು. ಆಗ ಒಡೆಯನು ಪ್ರೀತಿಯಿಂದ, ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿರಬೇಕೆಂದು ಬಾಯಿಗೆ ಕೈ ಹಾಕುತ್ತಾನೆ. ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ದನಗಳ ವಿಷಯದಲ್ಲೂ ಹೀಗೆಯೇ. ಹುಚ್ಚುನಾಯಿ ಕಚ್ಚಿದ ಹಸು ಕೆಲವು ವಾರಗಳ ನಂತರ ವಿಕಾರವಾಗಿ ಕೂಗುತ್ತಾ, ಮೇವು ನುಂಗಲಾರದೆ ಜೊಲ್ಲು ಸುರಿಸಿದರೆ, ಬದನೆಕಾಯಿಯೋ ಮಾವಿನ ಓಟೆಯೋ ಸಿಕ್ಕಿಕೊಂಡಿದೆಯೆಂದು ಕೈ ಹಾಕಬೇಡಿ. ಪಶುವೈದ್ಯರಿಗೆ ಹೇಳಿ ಕಳುಹಿಸಿ. ಅಂತಹ ಹಸುವಿನ ಹಾಲನ್ನು ಬಳಸಲೂ ಬೇಡಿ, ಡೈರಿಗೂ ಹಾಕಬೇಡಿ.

ಹತ್ತು ದಿನದೊಳಗೆ ನಾಯಿ ಸತ್ತರೆ ಹೂಳುವ ಮೊದಲು ಪಶು ಆಸ್ಪತ್ರೆಗೆ ತಿಳಿಸಬೇಕು. ಅದರ ಮಿದುಳನ್ನು ಪರೀಕ್ಷೆ ಮಾಡಿದರೆ ರೋಗವಿತ್ತೋ ಇಲ್ಲವೋ ಗೊತ್ತಾಗುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕಾಗಿಯೇ ಒಂದು ಪ್ರಯೋಗಾಲಯವಿದೆ. ಕಳೇಬರವನ್ನು ಬರಿಗೈಯಲ್ಲಿ ಮುಟ್ಟಬೇಡಿ. ನೀವೇ ಕತ್ತರಿಸಲು ಹೋಗಬೇಡಿ. ಮಂಜುಗಡ್ಡೆಯಲ್ಲಿಟ್ಟು ಕಳುಹಿಸುವ ಏರ್ಪಾಟನ್ನು ವೈದ್ಯರು ಮಾಡುತ್ತಾರೆ.

ಕಾನೂನಿನ ಮಾತು ಈಗ. 1860ರ ಭಾರತೀಯ ದಂಡ ಸಂಹಿತೆಯಲ್ಲಿ 289ನೆಯ ಕಲಮು ಎಂಬುದೊಂದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಬಂದಿದೆ. ಅದರ ಸಾರವೇನೆಂದರೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಪ್ರಾಣಕ್ಕೆ ಅಥವಾ ತೀವ್ರ ಸ್ವರೂಪದ ಗಾಯಕ್ಕೆ ಎಡೆಯಾಗಬಹುದಾದ ಅಪಾಯವನ್ನು ತಡೆಯಲು ಸಾಕಷ್ಟು ಕ್ರಮ ಕೈಗೊಳ್ಳದೆ, ತಿಳಿದೋ ಅಥವಾ ಅಲಕ್ಷ್ಯದಿಂದಲೋ ಬಿಟ್ಟವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಹಿಂದೆ ಈ ದಂಡ 1,000 ರೂಪಾಯಿಯಿತ್ತು. ಇದು ಪೊಲೀಸರು ತಾವಾಗಿಯೇ ದೂರು ದಾಖಲಿಸಿಕೊಳ್ಳಬಹುದಾದ ಅಪರಾಧ, ಜಾಮೀನು ಸಿಗುವಂಥದು.

ಈ ಕಲಮಿನ ಎರಡು ಪದಗಳ ಮೇಲೆ ಬೆರಳಿಟ್ಟು ತೋರಿಸಬೇಕು. ಮೊದಲನೆಯದು “ವಶದಲ್ಲಿರುವ” ಎಂಬುದು. ಒಡೆಯ ಎಂದಿಲ್ಲ. ನೀವು ಪೇಟೆಯಲ್ಲಿದ್ದು ತೋಟ ನೋಡಿಕೊಳ್ಳುವ ಆಳಿನ ಕೈಗೆ ನಾಯಿಯನ್ನು ಬಿಟ್ಟಿದ್ದರೆ ಅವನೂ ಸಿಕ್ಕಿಕೊಳ್ಳಬಹುದು. ಆಳಿಗೆ ಸರಪಳಿ ಕೊಡದೆ, ಗೇಟು ಹಾಕಿಸದೆ ಹೊಣೆಯನ್ನು ಮಾತ್ರ ಕೊಟ್ಟರೆ ಅದು ನ್ಯಾಯವಲ್ಲ. ಎರಡನೆಯದು “ಪ್ರಾಣಿ” ಎಂಬುದು. ನಾಯಿ ಎಂದಿಲ್ಲ. ಹಾಯುವ ಎತ್ತು, ಕೋಣ, ಒದೆಯುವ ಕುದುರೆ ಎಲ್ಲವೂ ಇದರೊಳಗೆ ಬಂದವು. ಹಾಯುವ ಹೋರಿಯನ್ನು ಸಂತೆಗೆ ಹೊಡೆದುಕೊಂಡು ಹೋಗುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ತೀವ್ರ ಗಾಯವೆಂದರೆ ಮೂಳೆ ಮುರಿತ, ಕಣ್ಣು ಹೋಗುವುದು, ಮುಖ ಶಾಶ್ವತವಾಗಿ ವಿಕಾರವಾಗುವುದು ಮಾತ್ರವಲ್ಲ. ಗಾಯಗೊಂಡವನು 15 ದಿನ ತನ್ನ ಎಂದಿನ ಕೆಲಸ ಮಾಡಲಾರದೆ ಹೋದರೂ ಅದು ತೀವ್ರ ಗಾಯವೇ.

ಇದು ದಂಡದ ಮಾತು. ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ. ಗಾಯಗೊಂಡವನು ತನ್ನ ಖರ್ಚು, ಕಳೆದುಕೊಂಡ ಕೂಲಿ, ಪಟ್ಟ ನೋವು ಇವಕ್ಕೆ ಪರಿಹಾರ ಕೇಳಿ ಸಿವಿಲ್ ನ್ಯಾಯಾಲಯಕ್ಕೂ ಹೋಗಬಹುದು. ಅಲ್ಲಿ ಕೇಳುವ ಪ್ರಶ್ನೆ ಎರಡು. ಈ ನಾಯಿಯ ಸ್ವಭಾವ ಒಡೆಯನಿಗೆ ಗೊತ್ತಿತ್ತೇ? ಗೊತ್ತಿಲ್ಲದಿದ್ದರೂ ವಿವೇಕವುಳ್ಳ ಮನುಷ್ಯ ತೆಗೆದುಕೊಳ್ಳುವ ಎಚ್ಚರಿಕೆಯನ್ನು ತೆಗೆದುಕೊಂಡಿದ್ದನೇ? ಮೊದಲ ಕಡಿತಕ್ಕೆ ಮಾಫಿಯುಂಟು ಎಂದು ಇಂಗ್ಲೆಂಡಿನ ಹಳೆಯ ಕಾನೂನಿನಿಂದ ಬಂದ ಒಂದು ಮಾತು ಚಾಲ್ತಿಯಲ್ಲಿದೆ. ಅದನ್ನು ನೆಚ್ಚಿ ಕೂರಬೇಡಿ. ನಾಯಿ ಈ ಮೊದಲು ಯಾರನ್ನೂ ಕಚ್ಚಿಲ್ಲದಿರಬಹುದು. ಆದರೆ ದಾರಿಹೋಕರ ಮೇಲೆ ಹಾರುತ್ತದೆ, ಸೈಕಲ್ಲಿನ ಹಿಂದೆ ಓಡುತ್ತದೆ ಎಂಬುದು ಇಡೀ ಊರಿಗೆ ಗೊತ್ತಿದ್ದರೆ ಒಡೆಯನಿಗೆ ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನೂ ನ್ಯಾಯಾಧೀಶರು ಒಪ್ಪುವುದಿಲ್ಲ, ಪಶುವೈದ್ಯನಾಗಿ ನಾನೂ ಒಪ್ಪುವುದಿಲ್ಲ.

“ನಾಯಿ ಇದೆ, ಎಚ್ಚರಿಕೆ” ಎಂಬ ಹಲಗೆ ಹಾಕಿದರೆ ಸಾಕೇ ಎಂದು ಕೇಳುತ್ತೀರಿ. ಹಲಗೆ ಒಳ್ಳೆಯದೇ, ಹಾಕಿ. ಆದರೆ ಓದು ಬಾರದವರಿಗೆ, ಐದು ವರ್ಷದ ಮಗುವಿಗೆ ಅದು ಏನೂ ಹೇಳುವುದಿಲ್ಲ. ಅಷ್ಟೇ ಅಲ್ಲ, ನಾಯಿ ಕಚ್ಚುತ್ತದೆಂದು ನಿಮಗೆ ಗೊತ್ತಿತ್ತು ಎಂಬುದಕ್ಕೂ ಆ ಹಲಗೆಯೇ ಪುರಾವೆಯಾದೀತು. ಹಲಗೆಯ ಹಿಂದೆ ಗೇಟಿರಬೇಕು, ಗೇಟಿಗೆ ಅಗುಳಿಯಿರಬೇಕು. ಕೆಣಕಿ ಕಚ್ಚಿಸಿಕೊಂಡವನ, ಕದಿಯಲು ಬಂದವನ ವಿಷಯ ಬೇರೆ. ಅಲ್ಲಿ ಅವನ ತಪ್ಪನ್ನೂ ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳುತ್ತದೆ.

ಇನ್ನೊಂದು ತಂತ್ರ ನಮ್ಮ ಹಳ್ಳಿಗಳಲ್ಲಿ ಬಹಳ. ಬೇಟೆಗೆ, ಕಾವಲಿಗೆ ಅದು ನಮ್ಮ ನಾಯಿ. ಕಚ್ಚಿದ ಕೂಡಲೇ ಅದು ಬೀದಿ ನಾಯಿ. “ನಾವೇನು ಸಾಕಿಲ್ಲ ಸ್ವಾಮಿ, ಸುಮ್ಮನೆ ಬಂದು ಬಾಗಿಲಲ್ಲಿ ಮಲಗುತ್ತೆ” ಎನ್ನುತ್ತಾರೆ. ದಿನವೂ ಮುದ್ದೆ ಹಾಕಿದವರು, ಹೆಸರಿಟ್ಟು ಕರೆದವರು ಯಾರು ಎಂಬುದು ಓಣಿಗೆಲ್ಲ ಗೊತ್ತಿರುತ್ತದೆ. ಹಾಗೆ ಹೇಳುವುದರಿಂದ ಅತಿ ದೊಡ್ಡ ನಷ್ಟ ಆಗುವುದು ಕಚ್ಚಿಸಿಕೊಂಡವನಿಗೆ, ಏಕೆಂದರೆ ಹತ್ತು ದಿನ ಆ ನಾಯಿಯನ್ನು ನೋಡಿಕೊಳ್ಳುವವರೇ ಇಲ್ಲದಂತಾಗುತ್ತದೆ.

ಕಚ್ಚದಂತೆ ನೋಡಿಕೊಳ್ಳುವ ಬಗೆಯನ್ನು ಹೇಳದೆ ಕಾನೂನು ಮಾತ್ರ ಹೇಳಿದರೆ ನನ್ನ ಕೆಲಸ ಅರ್ಧವಾದೀತು. ನಾಯಿಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಒಂದು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷಕ್ಕೊಂದು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಲೂಯಿ ಪಾಶ್ಚರ್ ತೀರಿಕೊಂಡದ್ದು 1895ರ ಆ ದಿನ. 1885ರಲ್ಲಿ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಬಾರಿಗೆ ಲಸಿಕೆ ಕೊಡಿಸಿ ಉಳಿಸಿದವರು ಅವರು. ಆ ದಿನದ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆಯ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಲಸಿಕೆಯ ಕಾರ್ಡನ್ನು ಪಹಣಿ, ಪಾಸ್ ಪುಸ್ತಕಗಳ ಜೊತೆಯಲ್ಲೇ ಇಡಿ. ಆದರೆ ನಾಯಿಗೆ ಲಸಿಕೆಯಾಗಿದೆ ಎಂದ ಮಾತ್ರಕ್ಕೆ ಕಚ್ಚಿಸಿಕೊಂಡವರು ಆಸ್ಪತ್ರೆಗೆ ಹೋಗುವುದು ಬೇಡವೆಂದು ಹೇಳಬೇಡಿ. ಕಾರ್ಡನ್ನು ವೈದ್ಯರ ಕೈಗೆ ಕೊಡಿ, ತೀರ್ಮಾನ ಅವರದು.

ಸ್ವಭಾವವೂ ಬೆಳೆಸಿದಂತೆ. ಮರಿಯನ್ನು ಜನರ ಕಣ್ಣಿಗೆ ಬೀಳದಂತೆ ಬೆಳೆಸಿದರೆ ಒಳ್ಳೆಯ ಕಾವಲು ನಾಯಿಯಾಗುತ್ತದೆ ಎಂಬ ನಂಬಿಕೆ ಇದೆ. ಅದು ತಪ್ಪು. ಮೂರು ವಾರದಿಂದ ಮೂರು ತಿಂಗಳವರೆಗಿನ ಪ್ರಾಯದಲ್ಲಿ ಮರಿ ಮನುಷ್ಯರನ್ನು ಕಂಡು ಕಲಿಯುತ್ತದೆ. ಆಗ ಹೆಂಗಸರು, ಮಕ್ಕಳು, ಕೋಲು ಹಿಡಿದ ಮುದುಕರು, ಟೋಪಿ ಹಾಕಿದವರು, ಎಲ್ಲರ ಕೈಯೂ ಅದರ ಬೆನ್ನ ಮೇಲೆ ಆಡಬೇಕು. ಹಾಗೆ ಬೆಳೆದ ನಾಯಿಯೂ ರಾತ್ರಿ ಕಾವಲು ಕಾಯುತ್ತದೆ. ಆದರೆ ಹಗಲು ಬಂದ ಅಂಚೆಯವರನ್ನು ಹೆದರಿಕೆಯಿಂದ ಕಚ್ಚುವುದಿಲ್ಲ. ಹೆಚ್ಚಿನ ಕಡಿತಗಳು ಧೈರ್ಯದಿಂದಲ್ಲ, ಹೆದರಿಕೆಯಿಂದ ಆಗುವಂಥವು. ಮುಧೋಳ ನಾಯಿ ಸಾಕಿದವರು ಮತ್ತೊಂದನ್ನು ತಿಳಿದಿರಬೇಕು. ಅದು ಮೂಸಿ ಬೇಟೆಯಾಡುವ ತಳಿಯಲ್ಲ, ಕಣ್ಣಿನಿಂದ ನೋಡಿ ಅಟ್ಟಿಸಿಕೊಂಡು ಹೋಗುವ ತಳಿ. ಎದುರಿಗೆ ಏನಾದರೂ ಓಡಿದರೆ ಅದರ ರಕ್ತದಲ್ಲೇ ಓಟ ಹುಟ್ಟುತ್ತದೆ, ಓಡಿದ್ದು ಮೊಲವೋ ಶಾಲೆಯಿಂದ ಬರುವ ಮಗುವೋ ಎಂದು ನೋಡುವಷ್ಟು ತಾಳ್ಮೆ ಅದಕ್ಕಿಲ್ಲ. ಬೇಲಿಯಿಲ್ಲದ ಹೊಲದಲ್ಲಿ ಅದನ್ನು ಬಿಡುವ ಮೊದಲು ಯೋಚಿಸಿ. ಮರಿ ಹಾಕಿದ ಹೆಣ್ಣುನಾಯಿ, ಅನ್ನ ತಿನ್ನುತ್ತಿರುವ ನಾಯಿ, ಕೀಲುನೋವಿನ ಮುದಿ ನಾಯಿ ಇವುಗಳ ಹತ್ತಿರ ಹೊರಗಿನವರನ್ನು ಬಿಡಬಾರದು. ಕುರಿಗಾಹಿಗಳ ನಾಯಿ ಮಂದೆಯ ಸುತ್ತಲಿನ ನೆಲವನ್ನೆಲ್ಲ ತನ್ನದೆಂದೇ ಬಗೆಯುತ್ತದೆ. ಮಂದೆ ತರುಬಿದ ಹೊಲದ ಯಜಮಾನನೇ ಬೆಳಿಗ್ಗೆ ಬಂದು ಕಚ್ಚಿಸಿಕೊಳ್ಳುವುದುಂಟು. ಕುರಿಯವರು ಬರುವವರನ್ನು ಕಂಡ ಕೂಡಲೇ ಎದ್ದು ನಾಯಿಯನ್ನು ಹತೋಟಿಗೆ ತರುವ ಅಭ್ಯಾಸ ಇಟ್ಟುಕೊಳ್ಳಬೇಕು, ಹೊಲದವರು ದೂರದಿಂದಲೇ ಕೂಗಿ ಕರೆಯಬೇಕು.

ಹಾಗೆಂದು ದಿನವಿಡೀ ಮೂರು ಅಡಿಯ ಸರಪಳಿಯಲ್ಲಿ ಗೂಟಕ್ಕೆ ಬಿಗಿಯುವುದೂ ಸರಿಯಲ್ಲ. ಅಂತಹ ನಾಯಿ ಇನ್ನೂ ಕೆರಳುತ್ತದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯಂತೆ ತೀರ ಗಿಡ್ಡವಾದ ಅಥವಾ ತೀರ ಭಾರವಾದ ಸರಪಳಿಯಲ್ಲಿ ಕಟ್ಟುವುದೂ, ಸದಾ ಕಟ್ಟಿಟ್ಟ ನಾಯಿಯನ್ನು ಓಡಾಡಿಸದೆ ಇರುವುದೂ ಅಪರಾಧವೇ. ತೋಟದ ಮನೆಗೆ ಒಗ್ಗುವ ಒಂದು ಸುಲಭ ಏರ್ಪಾಟಿದೆ. ಎರಡು ಕಂಬಗಳ ನಡುವೆ ಅಂಗಳದ ಒಂದು ಬದಿಗೆ ಗಟ್ಟಿ ತಂತಿಯನ್ನು ಆಳೆತ್ತರದಲ್ಲಿ ಬಿಗಿದು, ಅದರಲ್ಲಿ ಒಂದು ಉಂಗುರ ಜಾರುವಂತೆ ಪೋಣಿಸಿ, ಉಂಗುರಕ್ಕೆ ಸರಪಳಿ ಹಾಕುವುದು. ನಾಯಿ ತಂತಿಯ ಉದ್ದಕ್ಕೂ ಓಡಾಡುತ್ತದೆ, ನೆರಳಿಗೂ ಹೋಗುತ್ತದೆ. ಸರಪಳಿ ಪೂರ್ತಿ ಚಾಚಿದರೂ ಜನ ನಡೆಯುವ ದಾರಿಗೆ ನಾಲ್ಕೈದು ಅಡಿ ಕಡಿಮೆ ಬೀಳುವಂತೆ ಅಳೆದು ಕಂಬ ನೆಡಬೇಕು. ನಾಯಿ ಕಂಬ ಸುತ್ತಿ ಸಿಕ್ಕಿಕೊಳ್ಳದಂತೆ ಎರಡು ತುದಿಗೂ ತಂತಿಗೆ ಒಂದೊಂದು ತಡೆಗಂಟು ಹಾಕಿ. ಮೀಟರು ನೀರಿನ ಟ್ಯಾಂಕಿನ ಕಡೆಗಿದ್ದರೆ ತಂತಿ ಇನ್ನೊಂದು ಕಡೆಗಿರಲಿ. ವಾರಕ್ಕೊಮ್ಮೆ ಕೊರಳಪಟ್ಟಿಯನ್ನೂ ಕೊಂಡಿಯನ್ನೂ ಎಳೆದು ನೋಡಿ, ಸವೆದ ಕೊಂಡಿ ಕಳಚುವುದು ನೆಂಟರು ಬಂದ ದಿನವೇ.

ಕೊನೆಯದಾಗಿ, ಲಸಿಕೆಗೆಂದು ನಾಯಿಯನ್ನು ನಮ್ಮಲ್ಲಿಗೆ ತರುವವರಿಗೆ ಒಂದು ಮಾತು. ಬಾಯಿಗೆ ಹಾಕುವ ಜಾಲಿ ಇಲ್ಲದಿದ್ದರೆ ಮೊಳವೆರಡು ಉದ್ದದ ಮೆತ್ತನೆಯ ಬಟ್ಟೆಪಟ್ಟಿ ತನ್ನಿ. ನಡುವೆ ಒಂದು ಸರಳ ಕುಣಿಕೆ ಮಾಡಿ ಮೂತಿಗೆ ತೊಡಿಸಿ, ಮೇಲೆ ಬಿಗಿದು, ತುದಿಗಳನ್ನು ಗದ್ದದ ಕೆಳಗೆ ತಂದು ಒಮ್ಮೆ ಅಡ್ಡಹಾಯಿಸಿ, ಕಿವಿಗಳ ಹಿಂದೆ ಎಳೆದರೆ ಬಿಚ್ಚುವಂಥ ಗಂಟು ಹಾಕಿ. ಮೂಗಿನ ಹೊಳ್ಳೆ ಮುಚ್ಚಬಾರದು. ಬಿಸಿಲಿನಲ್ಲಿ ಏದುಸಿರು ಬಿಡುತ್ತಿರುವ ನಾಯಿಗೆ ಇದನ್ನು ಕಟ್ಟಬೇಡಿ, ಆದ್ದರಿಂದ ಬೆಳಗಿನ ತಂಪಿನಲ್ಲೇ ಬನ್ನಿ. ಸೂಜಿ ಹಾಕಿ ಮುಗಿದ ಕೂಡಲೇ ಪಟ್ಟಿಯನ್ನು ಬಿಚ್ಚಿಬಿಡಬೇಕು. ಬರುವಾಗ ಹುಡುಗರ ಕೈಯಲ್ಲಿ ಕಳುಹಿಸದೆ, ಅದು ಯಾರ ಮಾತು ಕೇಳುತ್ತದೆಯೋ ಅವರೇ ಹಿಡಿದುಕೊಂಡು ಬರಬೇಕು.